ಟೇಪು ಮೊದಲು, ಕಾರ್ಡ್ ಆಮೇಲೆ: ಕಾರವಾರ, ಶಿರಸಿ ಕಡೆಯ ಗೇಮಿಂಗ್ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವ್ ಆರಿಸುವ ಕ್ರಮ

ಕಾರ್ಡ್ ಬಂದಿದೆ, ಕ್ಯಾಬಿನೆಟ್ಟಿನಲ್ಲಿ ಕೂರುತ್ತಿಲ್ಲ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಬಂದಿದೆ, ಮದರ್‌ಬೋರ್ಡ್ ಅದನ್ನು ಗುರುತಿಸುತ್ತಿಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ಪಿಸಿ ತಾನಾಗಿ ಆಫ್ ಆಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಹುಡುಗರು ನನಗೆ ಫೋನ್ ಮಾಡಿದಾಗ ಹೇಳುವುದು ಹೆಚ್ಚಾಗಿ ಈ ಮೂರರಲ್ಲೊಂದು. ಮೂರಕ್ಕೂ ಕಾರಣ ಒಂದೇ. ಕಾರ್ಡನ್ನು ಮೊದಲು ಕೊಂಡು, ಉಳಿದದ್ದನ್ನು ಆಮೇಲೆ ನೋಡಿದ್ದಾರೆ.

ಬೆಂಗಳೂರಿನಲ್ಲಿದ್ದರೆ ತಪ್ಪು ಸಾಮಾನನ್ನು ಸಂಜೆ ಎಸ್‌.ಪಿ. ರಸ್ತೆಗೆ ಒಯ್ದು ಬದಲಿಸಿ ತರಬಹುದು. ನಮಗೆ ಆ ಅನುಕೂಲ ಇಲ್ಲ. ವಾರಂಟಿಗೆ ಕೊಡಬೇಕೆಂದರೆ ಪೆಟ್ಟಿಗೆ ಘಟ್ಟ ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಎರಡು ಮೂರು ವಾರ ಕಳೆಯುತ್ತದೆ. ಅದಕ್ಕೇ ಇಲ್ಲಿ ಹಂತಗಳ ಕ್ರಮ ಮುಖ್ಯ. ದಯವಿಟ್ಟು ಒಂದನ್ನೂ ಹಾರಿಸಬೇಡಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಅಳತೆಯ ಟೇಪು, ತುದಿಯಲ್ಲಿ ಅಯಸ್ಕಾಂತ ಇರುವ ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಕ್ಯಾಮೆರಾ ಇರುವ ಫೋನು, ಬರೆದುಕೊಳ್ಳಲು ಒಂದು ಹಾಳೆ. ವಿಂಡೋಸ್ ಹಾಕುವುದಿದ್ದರೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್. ದೂಳು ತೆಗೆಯಲು ಒಣಗಿದ ಮೆತ್ತನೆಯ ಪೇಂಟ್ ಬ್ರಶ್ ಸಾಕು.

ಕಂಪ್ಯೂಟರಿನಲ್ಲಿ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ. ಅದರ ಮೇನ್‌ಬೋರ್ಡ್ ಪುಟದಲ್ಲಿ ನಿಮ್ಮ ಬೋರ್ಡಿನ ಪೂರ್ತಿ ಹೆಸರು ಸಿಗುತ್ತದೆ. ಆ ಹೆಸರನ್ನು ಹಾಳೆಯ ಮೇಲ್ಗಡೆ ಬರೆದಿಡಿ. ಮುಂದೆ ನಾಲ್ಕೈದು ಕಡೆ ಬೇಕಾಗುತ್ತದೆ.

ಹಂತ 1: ಮಾನಿಟರ್ ನೋಡಿ

ಯಾವ ಕಾರ್ಡ್ ಬೇಕು ಅನ್ನುವುದನ್ನು ನಿಮ್ಮ ಮಾನಿಟರ್ ಹೇಳುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಎರಡು ಸಂಖ್ಯೆ ಬರೆದುಕೊಳ್ಳಿ: ರೆಸಲ್ಯೂಶನ್ ಎಷ್ಟು, ಹರ್ಟ್ಸ್ ಎಷ್ಟು. 1920×1080 ಇದ್ದರೆ ಅದು 1080ಪಿ. 2560×1440 ಇದ್ದರೆ 1440ಪಿ. 3840×2160 ಇದ್ದರೆ 4ಕೆ. 1440ಪಿಯಲ್ಲಿ 1080ಪಿಗಿಂತ ಸುಮಾರು 1.8 ಪಟ್ಟು ಚುಕ್ಕಿಗಳಿವೆ, 4ಕೆಯಲ್ಲಿ ನಾಲ್ಕು ಪಟ್ಟು. ಅಷ್ಟೂ ಚುಕ್ಕಿಗಳನ್ನು ಕಾರ್ಡೇ ಬಿಡಿಸಬೇಕು.

60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರಕ್ಕಿಂತ ಜಾಸ್ತಿ ತೋರಿಸುವುದಿಲ್ಲ. ಕಾರ್ಡ್ 150 ಚಿತ್ರ ಕೊಟ್ಟರೂ ನಿಮಗೆ ಕಾಣುವುದು 60. ಹಾಗಾಗಿ 1080ಪಿ, 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ದುಬಾರಿ ಕಾರ್ಡ್ ಕೊಳ್ಳಬೇಡಿ. ಅಗ್ಗದ ಕಾರ್ಡ್ ಕೊಂಡು, ಉಳಿದ ದುಡ್ಡಿಗೆ 144 ಹರ್ಟ್ಸ್ ಮಾನಿಟರ್ ತಂದರೆ ಆಟ ನಿಜಕ್ಕೂ ಬದಲಾಗುತ್ತದೆ.

ಮಾನಿಟರಿನ ಹಿಂದಿನ ಸಾಕೆಟ್‌ಗಳನ್ನೂ ನೋಡಿ. ಹೊಸ ಕಾರ್ಡುಗಳಲ್ಲಿ ಇರುವುದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್. ನೀಲಿ ಬಣ್ಣದ ಹಳೆಯ ವಿಜಿಎ ಮಾತ್ರ ಇದ್ದರೆ ಬೇರೆ ಕನ್ವರ್ಟರ್ ಬೇಕಾಗುತ್ತದೆ.

ಹಂತ 2: ಕ್ಯಾಬಿನೆಟ್ ತೆರೆದು ಅಳೆಯಿರಿ

ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆಯಿರಿ. ಮೂರು ಅಳತೆ ಬೇಕು.

ಒಂದು, ಉದ್ದ. ಹಿಂಬದಿಯಲ್ಲಿ ಕಾರ್ಡಿನ ಲೋಹದ ಪಟ್ಟಿ ಕೂರುವ ಜಾಗದಿಂದ ಮುಂದಿನ ಫ್ಯಾನಿನವರೆಗೆ ಅಳೆಯಿರಿ. ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬಂದರೆ ಅಲ್ಲಿಗೇ ಅಳತೆ ಮುಗಿಯಿತು. ಎರಡು ಫ್ಯಾನಿನ ಕಾರ್ಡುಗಳು ಸಾಮಾನ್ಯವಾಗಿ 200ರಿಂದ 250 ಮಿಲಿಮೀಟರ್ ಇರುತ್ತವೆ. ಮೂರು ಫ್ಯಾನಿನವು ಹೆಚ್ಚಾಗಿ 300ರ ಆಸುಪಾಸು ಅಥವಾ ಮೇಲೆ ಇರುತ್ತವೆ. ನಿಮ್ಮ ಅಳತೆಗಿಂತ ಕನಿಷ್ಠ 15 ಮಿಲಿಮೀಟರ್ ಕಡಿಮೆ ಇರುವ ಕಾರ್ಡನ್ನೇ ನೋಡಿ. ಓರೆಯಾಗಿ ಒಳಗೆ ಇಳಿಸಲು ಅಷ್ಟು ಜಾಗ ಬೇಕು.

ಎರಡು, ದಪ್ಪ. ಇಂದಿನ ಕಾರ್ಡುಗಳು ಎರಡು ಅಥವಾ ಎರಡೂವರೆ ಸ್ಲಾಟ್ ತಿನ್ನುತ್ತವೆ. ಕಾರ್ಡಿನ ಕೆಳಗೆ ವೈಫೈ ಕಾರ್ಡ್ ಇದ್ದರೆ ಅದು ಮುಚ್ಚಿಹೋಗಬಹುದು.

ಮೂರು, ಕಾರ್ಡಿನ ಬದಿಯಿಂದ ಪಕ್ಕದ ಬಾಗಿಲಿಗೆ ಇರುವ ಅಂತರ. ಕರೆಂಟಿನ ಕೇಬಲ್ ಬಗ್ಗುವುದು ಇಲ್ಲೇ. ಬಾಗಿಲು ಕೇಬಲನ್ನು ಒತ್ತಿ ಹಿಡಿದರೆ ಕನೆಕ್ಟರ್ ಸಡಿಲವಾಗಿ ಬಿಸಿಯಾಗುತ್ತದೆ.

ಕಳೆದ ವರ್ಷ ಶಿರಸಿಯ ನನ್ನ ಅತ್ತೆಯ ಮಗನ ಪಿಸಿಗೆ ನಾನೇ ಕಾರ್ಡ್ ಆರಿಸಿ ಕೊಟ್ಟೆ. ಕ್ಯಾಬಿನೆಟ್ಟಿನ ಅಳತೆಯನ್ನು ಮಾರುವವರ ಪುಟದಿಂದ ತೆಗೆದುಕೊಂಡಿದ್ದೆ. ಅದರಲ್ಲಿ ಮುಂದಿನ ಫ್ಯಾನಿನ ದಪ್ಪ ಕಳೆದಿರಲಿಲ್ಲ. ಕಾರ್ಡ್ 20 ಮಿಲಿಮೀಟರ್ ಉದ್ದವಾಯಿತು. ಆ ಹುಡುಗ ರಜೆಯಿಡೀ ಕಾಯಬೇಕಾಯಿತು. ಅಂದಿನಿಂದ ಟೇಪು ಹಿಡಿಯದೆ ಯಾರಿಗೂ ಕಾರ್ಡಿನ ಹೆಸರು ಹೇಳುವುದಿಲ್ಲ.

ಹಂತ 3: ಎಸ್‌ಎಂಪಿಎಸ್, ಯುಪಿಎಸ್, ಮನೆಯ ಕರೆಂಟ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕಡೆ ಸುಟ್ಟುಹೋದ ಕಾರ್ಡುಗಳನ್ನು ನೋಡಿದಾಗ ತಪ್ಪು ಹೆಚ್ಚಾಗಿ ಕರೆಂಟಿನ ದಾರಿಯಲ್ಲೇ ಇರುತ್ತದೆ.

ಎಸ್‌ಎಂಪಿಎಸ್ ಎಂದರೆ ಕ್ಯಾಬಿನೆಟ್ ಒಳಗೆ ಎಲ್ಲದಕ್ಕೂ ಕರೆಂಟ್ ಕೊಡುವ ಪೆಟ್ಟಿಗೆ. ಅದರ ಮೇಲಿನ ಚೀಟಿ ಓದಿ. ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ, ಅದನ್ನು 12ರಿಂದ ಗುಣಿಸಿ. ಕಾರ್ಡಿಗೂ ಪ್ರೊಸೆಸರಿಗೂ ನಿಜವಾಗಿ ಸಿಗುವುದು ಅಷ್ಟೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ "450 ವ್ಯಾಟ್" ಪೆಟ್ಟಿಗೆಯಲ್ಲಿ ಈ ಲೆಕ್ಕ 250 ದಾಟದೇ ಇರಬಹುದು.

ಕಾರ್ಡ್ ತಯಾರಕರು ಎಷ್ಟು ಕೇಳುತ್ತಾರೆ ನೋಡಿ. ಹೆಸರಿನಲ್ಲಿ ಆರ್‌ಟಿಎಕ್ಸ್, ಜಿಟಿಎಕ್ಸ್, ಜಿಟಿ ಇದ್ದರೆ ಅದು ಎನ್‌ವಿಡಿಯಾ ಕಾರ್ಡ್, ಆರ್‌ಎಕ್ಸ್ ಇದ್ದರೆ ಎಎಂಡಿಯದು. ಆರ್‌ಟಿಎಕ್ಸ್ 5060 ಸ್ವತಃ 145 ವ್ಯಾಟ್ ತಿನ್ನುತ್ತದೆ, 550 ವ್ಯಾಟ್ ಎಸ್‌ಎಂಪಿಎಸ್ ಕೇಳುತ್ತದೆ. 5060 ಟಿಐ 180 ವ್ಯಾಟ್, ಅದಕ್ಕೆ 600. 5070 ಆದರೆ 250 ವ್ಯಾಟ್, ಅದಕ್ಕೆ 650. 80 ಪ್ಲಸ್ ಬ್ರಾಂಜ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ಗುರುತು) ಇರುವ, ಕನಿಷ್ಠ ಐದು ವರ್ಷ ವಾರಂಟಿ ಕೊಡುವ ಒಳ್ಳೆ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಬಜೆಟ್ ಕಡಿಮೆ ಬಿದ್ದರೆ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಎಸ್‌ಎಂಪಿಎಸ್‌ನಲ್ಲಿ ಇಳಿಯಬೇಡಿ.

ಆಮೇಲೆ ಕನೆಕ್ಟರ್. ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ 75 ವ್ಯಾಟ್ ಸಿಗುತ್ತದೆ. 6 ಪಿನ್ ಕೇಬಲ್ 75, 8 ಪಿನ್ 150 ವ್ಯಾಟ್ ಕೊಡುತ್ತದೆ. ಪ್ರೊಸೆಸರಿನ 8 ಪಿನ್ ಕೇಬಲ್ ನೋಡಲು ಹಾಗೇ ಇರುತ್ತದೆ, ಆದರೆ ಅದು ಬೇರೆ. ಅದು 4 ಮತ್ತು 4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದ್ದು 6 ಮತ್ತು 2 ಆಗಿ. ಕೂರದಿದ್ದರೆ ಒತ್ತಬೇಡಿ.

ಡ್ರೈವುಗಳಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರಿನಿಂದ 8 ಪಿನ್ ಮಾಡುವ ಅಗ್ಗದ ಅಡಾಪ್ಟರ್ ಸಿಗುತ್ತದೆ. ಮುಟ್ಟಲೇಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಸಾಲು ತಡೆಯುವುದು ಸುಮಾರು 54 ವ್ಯಾಟ್. ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ.

ಇನ್ನು ಯುಪಿಎಸ್. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಆಟದ ನಡುವೆ ಪಿಸಿ, ಮಾನಿಟರ್ ಸೇರಿ 300 ದಾಟುವುದು ಸುಲಭ. ಕರೆಂಟ್ ಹೋದ ಕ್ಷಣ ಯುಪಿಎಸ್ ಕಿರುಚಿ ಆಫ್ ಆದರೆ ಕಾರಣ ಇದೇ. 1000 ವಿಎ ಅಥವಾ ಮೇಲಿನದು ಬೇಕು. ಅದು ಇರುವುದು ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು.

ಘಟ್ಟದ ಮೇಲೆ ತೋಟದ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದು ನಿಮಗೆ ಗೊತ್ತೇ ಇದೆ. ಲೈಟು ಮಂಕಾಗುವ ಮನೆಯಾದರೆ ವೋಲ್ಟೇಜ್ ಸರಿಮಾಡುವ ಲೈನ್ ಇಂಟರ್‌ಆಕ್ಟಿವ್ ಯುಪಿಎಸ್ ಕೊಳ್ಳಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಸರಿ ಇಲ್ಲ ಎಂದರ್ಥ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹೊಸ ಕಾರ್ಡ್ ತರಬೇಡಿ.

ಹಂತ 4: ಬೋರ್ಡ್ ಮತ್ತು ಪ್ರೊಸೆಸರ್

ಬರೆದಿಟ್ಟ ಬೋರ್ಡಿನ ಹೆಸರು ಹಾಕಿ ತಯಾರಕರ ತಾಣದಿಂದ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಎರಡು ವಿಷಯ ಹುಡುಕಿ: ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ 3.0 ಹೌದೋ, 4.0 ಹೌದೋ, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟಿವೆ, ಯಾವ ಬಗೆಯವು.

ಕೆಲವು ಕಾರ್ಡುಗಳು ಡೇಟಾ ಓಡಾಡುವ ಸ್ಲಾಟಿನ 16 ದಾರಿಗಳಲ್ಲಿ 8 ಮಾತ್ರ ಬಳಸುತ್ತವೆ. ಆರ್‌ಟಿಎಕ್ಸ್ 5060 ಹಾಗಿದೆ, ಆರ್‌ಎಕ್ಸ್ 7600 ಕೂಡ. ಹಳೆಯ 3.0 ಬೋರ್ಡಿನಲ್ಲಿ, ಅದರಲ್ಲೂ ಕಾರ್ಡಿನ ಮೆಮೊರಿ ತುಂಬಿದಾಗ, ಇವು ತಡವರಿಸುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ಕೇವಲ 4 ದಾರಿ. ಹಳೆ ಬೋರ್ಡಿಗೆ ಅದು ಬೇಡವೇ ಬೇಡ. ಆರ್‌ಎಕ್ಸ್ 9060 ಎಕ್ಸ್‌ಟಿ 16 ದಾರಿಯನ್ನೂ ಬಳಸುತ್ತದೆ. ಹಳೆ ಬೋರ್ಡ್ ಇಟ್ಟುಕೊಂಡೇ ಮುಂದುವರಿಯುವವರಿಗೆ ಇದು ದೊಡ್ಡ ಅನುಕೂಲ.

ಇಂಟೆಲ್ ಆರ್ಕ್ ಬಿ580 ಕೊಳ್ಳುವ ಯೋಚನೆ ಇದ್ದರೆ ಬಯೋಸಿನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ರೀಸೈಜಬಲ್ ಬಾರ್ ಎಂಬ ಆಯ್ಕೆ ಇದೆಯೇ ನೋಡಿ. ಅದಿಲ್ಲದ ಬೋರ್ಡಿನಲ್ಲಿ ಆ ಕಾರ್ಡಿನ ವೇಗ ತುಂಬಾ ಬಿದ್ದುಹೋಗುತ್ತದೆ.

ಪ್ರೊಸೆಸರ್ ತುಂಬಾ ಹಳೆಯದಾದರೆ ಹೊಸ ಕಾರ್ಡ್ ಕೆಲಸವಿಲ್ಲದೆ ಕಾಯುತ್ತಾ ಕೂರುತ್ತದೆ. ಈಗಿನ ಕಾರ್ಡಿನಲ್ಲೇ ಪರೀಕ್ಷೆ ಮಾಡಿ. ಆಟ ಆಡುವಾಗ ಟಾಸ್ಕ್ ಮ್ಯಾನೇಜರ್ ನೋಡಿ. ಜಿಪಿಯು, ಅಂದರೆ ಕಾರ್ಡ್, ಶೇಕಡಾ 95ರ ಮೇಲೆ ಓಡುತ್ತಿದ್ದರೆ ಹೊಸ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಜಿಪಿಯು 50–60ರಲ್ಲೇ ಇದ್ದು ಆಟ ಎಳೆಯುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ.

ಹಂತ 5: ಈಗ ಕಾರ್ಡ್

ಹಾಳೆಯಲ್ಲಿ ಈಗ ಮಾನಿಟರ್, ಉದ್ದ, ವ್ಯಾಟ್, ಸ್ಲಾಟ್ ಇವೆ. ಇವುಗಳಿಗೆ ಹೊಂದದ ಕಾರ್ಡುಗಳನ್ನು ಹೊಡೆದು ಹಾಕಿ. ಉಳಿಯುವುದು ಮೂರೋ ನಾಲ್ಕೋ. ಬೆಲೆ ವಾರಕ್ಕೊಮ್ಮೆ ಬದಲಾಗುವುದರಿಂದ ರೂಪಾಯಿ ಲೆಕ್ಕ ಬರೆಯುತ್ತಿಲ್ಲ. ಹೊಸ ಪಿಸಿ ಕಟ್ಟುವವರು ಒಟ್ಟು ದುಡ್ಡಿನ ಮೂರನೇ ಒಂದು ಭಾಗದಿಂದ ಶೇಕಡಾ 40ರವರೆಗೆ ಕಾರ್ಡಿಗೆ ಇಡಬಹುದು. ಇದು ನನ್ನ ಅಂದಾಜು.

ಕಚೇರಿಯಿಂದ ಬಂದ ಹಳೆ ಪಿಸಿ, ಎಸ್‌ಎಂಪಿಎಸ್‌ನಲ್ಲಿ ಕಾರ್ಡಿನ ಕೇಬಲ್ಲೇ ಇಲ್ಲ, ಮಾನಿಟರ್ 1080ಪಿ. ಇಂಥವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಸರಿ. ಅದು 70 ವ್ಯಾಟಿನದು, ಸ್ಲಾಟಿನ ಕರೆಂಟಿನಲ್ಲೇ ನಡೆಯುತ್ತದೆ. ಸಣ್ಣ ಕ್ಯಾಬಿನೆಟ್ ಆದರೆ ಅರ್ಧ ಎತ್ತರದ ಮಾದರಿ ಹುಡುಕಿ.

1080ಪಿಗೆ ಹೊಸದಾಗಿ ಕಟ್ಟುವವರು ಆರ್‌ಟಿಎಕ್ಸ್ 5060, ಆರ್‌ಎಕ್ಸ್ 9060 ಎಕ್ಸ್‌ಟಿ, ಆರ್ಕ್ ಬಿ580 ಈ ಮೂರನ್ನು ಹೋಲಿಸಲಿ. 1440ಪಿಗೆ 9060 ಎಕ್ಸ್‌ಟಿ 16 ಜಿಬಿ, 5060 ಟಿಐ 16 ಜಿಬಿ, ಕೈಯಲ್ಲಿ ದುಡ್ಡಿದ್ದರೆ 5070 ಅಥವಾ 9070 ಎಕ್ಸ್‌ಟಿ. 4ಕೆಯಲ್ಲಿ ಆಡುವವರು ನಮ್ಮ ಕಡೆ ಕಡಿಮೆ, ಅದನ್ನು ಇಲ್ಲಿ ಬಿಡುತ್ತೇನೆ.

ಹೆಸರು ಒಂದೇ, ಒಳಗಿನದು ಬೇರೆ. ಇದು ತುಂಬಾ ಜನ ಬೀಳುವ ಗುಂಡಿ. 5060 ಟಿಐ ಮತ್ತು 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂದು ಎರಡು ಬಗೆಯಲ್ಲಿ ಬರುತ್ತವೆ. 3050ರ 6 ಜಿಬಿ ಮತ್ತು 8 ಜಿಬಿ ಕಾರ್ಡುಗಳಲ್ಲಿ ಮೆಮೊರಿ ಮಾತ್ರವಲ್ಲ, ವೇಗವೂ ಬೇರೆ. ಹಳೆಯ ಜಿಟಿ 1030ರಲ್ಲೂ ಎರಡು ಬಗೆ, ಡಿಡಿಆರ್4 ಮೆಮೊರಿಯದು ಜಿಡಿಡಿಆರ್5 ಇರುವುದಕ್ಕಿಂತ ಬಹಳ ನಿಧಾನ. ಪೂರ್ತಿ ಹೆಸರು, ಮೆಮೊರಿ ಎರಡನ್ನೂ ಓದಿ ದುಡ್ಡು ಕೊಡಿ.

8 ಜಿಬಿ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳಿಗೆ 1080ಪಿಯಲ್ಲಿ ಸಾಕು. ದೊಡ್ಡ ಕಥೆಯ ಹೊಸ ಆಟಗಳನ್ನು ಹೆಚ್ಚು ಸೆಟ್ಟಿಂಗಿನಲ್ಲಿ ಆಡುವುದಾದರೆ ಸಾಲುವುದಿಲ್ಲ. ಮೆಮೊರಿ ತುಂಬಿದ ಲಕ್ಷಣ ಹೀಗಿರುತ್ತದೆ: ಗೋಡೆ, ನೆಲದ ಚಿತ್ರಗಳು ಮಸುಕಾಗಿಯೇ ಉಳಿಯುತ್ತವೆ, ತಿರುಗಿದಾಗಲೆಲ್ಲ ಆಟ ಒಂದು ಕ್ಷಣ ನಿಂತು ಹೋಗುತ್ತದೆ. ಇಲ್ಲಿ ಒಂದು ಕಾರ್ಡನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವವರೇ ಜಾಸ್ತಿ. ಅದಕ್ಕೆ, ಆಗುವಂತಿದ್ದರೆ 12 ಅಥವಾ 16 ಜಿಬಿ ಕಡೆಗೇ ಹೋಗಿ ಎನ್ನುತ್ತೇನೆ.

ಜಿಟಿ 710, ಜಿಟಿ 730 ಆಟಕ್ಕಲ್ಲ. "4 ಜಿಬಿ ಗೇಮಿಂಗ್ ಕಾರ್ಡ್" ಎಂದು ಅವುಗಳನ್ನು ಮಾರುತ್ತಾರೆ. ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ. ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ. ತೀರಾ ಅಗ್ಗಕ್ಕೆ ಸಿಕ್ಕರೆ ಬೇರೆ ಮಾತು.

ಸೆಕೆಂಡ್‌ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳುವುದಾದರೆ ಎದುರಿಗೆ ಓಡಿಸಿ ನೋಡಿಯೇ ಕೊಳ್ಳಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದಾಗ ಹೆಸರಿನ ಪಕ್ಕ ನಕಲಿ ಎಂಬ ಗುರುತು ಬಂದರೆ ಎದ್ದು ಬನ್ನಿ. ಹಳೆ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವುದು ನಡೆಯುತ್ತದೆ. ಕರಾವಳಿಯಲ್ಲಿ ಇದ್ದ ಕಾರ್ಡಾದರೆ ಟಾರ್ಚ್ ಹಾಕಿ ಮೂರು ಕಡೆ ನೋಡಿ: ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಪಟ್ಟಿ, ಹಿಂದಿನ ಸ್ಕ್ರೂಗಳು, ಫ್ಯಾನಿನ ಹಿಂದಿನ ಲೋಹದ ರೆಕ್ಕೆಗಳು. ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಪ್ಪುಗಾಳಿ ಒಳಗೆ ಹೊಕ್ಕಿದೆ. ಎಷ್ಟೇ ಕಡಿಮೆ ಹೇಳಲಿ, ಬೇಡ.

ಹಂತ 6: ಡ್ರೈವ್ ಯಾವ ಬಗೆಯದು

ಮೂರು ಬಗೆ ಇವೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ ಸುಮಾರು 550. ಪಿಸಿಐಇ ದಾರಿ ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿ 3.0ರಲ್ಲಿ 3500, 4.0ರಲ್ಲಿ 7000 ಆಸುಪಾಸು. 5.0 ಇನ್ನೂ ದುಬಾರಿ, ಬಿಸಿಯೂ ಜಾಸ್ತಿ. ಆಟಕ್ಕೆ ಅದರಿಂದ ಕಾಣುವ ಲಾಭ ತೀರಾ ಕಡಿಮೆ.

ಸಂಖ್ಯೆ ನೋಡಿ ಮರುಳಾಗಬೇಡಿ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಟ ತೆರೆಯುವ ಸಮಯ ಎದ್ದು ಕಾಣುವಷ್ಟು ಇಳಿಯುತ್ತದೆ. 3500ರಿಂದ 7000ಕ್ಕೆ ಹೋದಾಗ ಒಂದೆರಡು ಸೆಕೆಂಡು ಅಷ್ಟೇ. ಸೈಬರ್‌ಪಂಕ್ 2077, ಬಾಲ್ಡರ್ಸ್ ಗೇಟ್ 3 ಮುಂತಾದವು ಎಸ್‌ಎಸ್‌ಡಿ ಬೇಕೆಂದೇ ಕೇಳುತ್ತವೆ. ಆದ್ದರಿಂದ ವಿಂಡೋಸಿಗೂ ಆಟಕ್ಕೂ ಎಸ್‌ಎಸ್‌ಡಿ, ಫೋಟೊ ಮತ್ತು ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್.

ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಸ್‌ಎಸ್‌ಡಿ ಒಳಗೆ ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. ಹೊಸ ಬೋರ್ಡುಗಳ ಹಲವು ಸ್ಲಾಟುಗಳು ಎನ್‌ವಿಎಂಇ ಮಾತ್ರ ಒಪ್ಪುತ್ತವೆ. ಅಲ್ಲಿಗೆ ಎಂ.2 ಸಾಟಾ ಹಾಕಿದರೆ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಎಂ.2 ಸಾಟಾಗೆ ತುದಿಯಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು. ಆದರೂ ಪೆಟ್ಟಿಗೆ ಮೇಲೆ ಎನ್‌ವಿಎಂಇ ಎಂದು ಬರೆದಿದೆಯೇ ಓದಿ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಡೆಸ್ಕ್‌ಟಾಪಿಗೆ ಅದೇ ಅಳತೆ.

ಮ್ಯಾನ್ಯುಯಲ್ಲಿನಲ್ಲಿ ಇನ್ನೊಂದು ಸಾಲು ಹುಡುಕಿ. ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುವ ಬೋರ್ಡುಗಳಿವೆ. "ಹೊಸ ಎಸ್‌ಎಸ್‌ಡಿ ಹಾಕಿದೆ, ಹಳೆ ಡಿಸ್ಕ್ ಸತ್ತುಹೋಯ್ತು" ಎಂದು ಗಾಬರಿಯಾಗಿ ಬಂದವರಿದ್ದಾರೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ಆಯಿತು.

ಟಿಎಲ್‌ಸಿ, ಕ್ಯೂಎಲ್‌ಸಿ ಎಂಬ ಪದಗಳೂ ಎದುರಾಗುತ್ತವೆ. ಇವು ಎಸ್‌ಎಸ್‌ಡಿ ಒಳಗಿನ ಮೆಮೊರಿ ಚಿಪ್ಪಿನ ಬಗೆಗಳು. ದೊಡ್ಡ ಫೈಲ್ ಒಂದೇ ಸಮನೆ ಬರೆಯುವಾಗ ಕ್ಯೂಎಲ್‌ಸಿ ನಡುವೆ ಹಾರ್ಡ್ ಡಿಸ್ಕಿನಷ್ಟು ನಿಧಾನವಾಗಬಲ್ಲದು. ಬೆಲೆ ಹತ್ತಿರ ಇದ್ದರೆ ಟಿಎಲ್‌ಸಿ ತೆಗೆದುಕೊಳ್ಳಿ.

ಹಂತ 7: ಎಷ್ಟು ಜಾಗ

ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 150 ಜಿಬಿ ಕೇಳುತ್ತದೆ. ಊರಲ್ಲಿ 30 ಎಂಬಿಪಿಎಸ್ ಇಂಟರ್ನೆಟ್ ಇದೆ ಎಂದುಕೊಳ್ಳಿ. 150 ಜಿಬಿ ಇಳಿಯಲು ಹನ್ನೊಂದು ಗಂಟೆ ಬೇಕು, ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ. ನಗರದವರು ಆಟ ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ. ನಮಗೆ ಆ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ವೇಗದ 500 ಜಿಬಿಗಿಂತ ಸಾಧಾರಣ ವೇಗದ 1 ಟಿಬಿ ನಮಗೆ ಹೆಚ್ಚು ಉಪಯೋಗ.

1 ಟಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಎಣಿಸುವ ರೀತಿ ಬೇರೆ, ಮೋಸ ಅಲ್ಲ. ಅದರಲ್ಲಿ ಶೇಕಡಾ 15ರಷ್ಟು ಯಾವಾಗಲೂ ಖಾಲಿ ಬಿಡಿ. ತುಂಬಿ ತುಳುಕಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ. ಆಡದ ಆಟದ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟು, ಬೇಕಾದಾಗ ವಾಪಸ್ ತರಬಹುದು.

ಹಂತ 8: ಕೊಳ್ಳುವುದು, ಪೆಟ್ಟಿಗೆ ಬಿಚ್ಚುವುದು

ಆಗುವಂತಿದ್ದರೆ ಮೇ ಒಳಗೆ ತರಿಸಿ. ಜೂನ್ ನಂತರ ಗುಡ್ಡ ಕುಸಿದರೆ ಹೆದ್ದಾರಿ 66 ಇರಲಿ, ಘಟ್ಟದ ರಸ್ತೆಗಳಿರಲಿ, ದಿನಗಟ್ಟಲೆ ಬಂದ್. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಪಾರ್ಸೆಲ್ ದಾರಿಯಲ್ಲಿ ನಿಂತು ಒದ್ದೆಯಾಗುವ ಭಯವೂ ಇದೆ.

ಎಲ್ಲ ಸಾಮಾನು ಒಂದೇ ವಾರದಲ್ಲಿ ಬರುವಂತೆ ನೋಡಿಕೊಳ್ಳಿ. ಬದಲಿಸಿಕೊಳ್ಳುವ ಅವಧಿ ಹೆಚ್ಚಾಗಿ ಏಳರಿಂದ ಹತ್ತು ದಿನ. ಕಾರ್ಡ್ ಮೊದಲು ಬಂದು, ಎಸ್‌ಎಂಪಿಎಸ್‌ಗಾಗಿ ಹದಿನೈದು ದಿನ ಕಾದರೆ ಪರೀಕ್ಷೆ ಮಾಡುವ ಮೊದಲೇ ಅವಧಿ ಮುಗಿದಿರುತ್ತದೆ.

ಅಂಗಡಿಯಲ್ಲಿ ಕೊಂಡರೆ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ಪಾರ್ಸೆಲ್ ಆದರೆ ಸೀಲ್ ಒಡೆಯುವ ಮೊದಲಿನಿಂದ ಕಾರ್ಡ್ ಹೊರಬರುವವರೆಗೆ ನಿಲ್ಲಿಸದೆ ವಿಡಿಯೊ ತೆಗೆಯಿರಿ. ಪೆಟ್ಟಿಗೆ ಮೇಲಿನ ಮತ್ತು ಕಾರ್ಡಿನ ಮೇಲಿನ ನಂಬರ್ ಒಂದೇ ಎಂದು ಅದರಲ್ಲೇ ತೋರಿಸಿ.

ಹಂತ 9: ಜೋಡಿಸುವುದು

ಎಸ್‌ಎಸ್‌ಡಿ ಮೊದಲು, ಕಾರ್ಡ್ ಆಮೇಲೆ. ಎಷ್ಟೋ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ಕಾರ್ಡಿನ ಅಡಿಯಲ್ಲೇ ಇರುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಕಳೆಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ. ಎಸ್‌ಎಸ್‌ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಬಗ್ಗಿಸಿ, ಸ್ಕ್ರೂ ಹಾಕಿ. ಆ ಸ್ಕ್ರೂ ಬೋರ್ಡಿನ ಪೆಟ್ಟಿಗೆಯಲ್ಲಿ ಇರುತ್ತದೆ, ಬಿಸಾಡಬೇಡಿ. ಬೋರ್ಡಿನ ಹೀಟ್‌ಸಿಂಕ್ ಅಡಿಯ ಮೆತ್ತೆಗೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ಅದನ್ನು ಕೀಳಬೇಕು. ಎಸ್‌ಎಸ್‌ಡಿಯ ಮೇಲಿನ ಚೀಟಿ ಕೀಳಬಾರದು, ವಾರಂಟಿ ಹೋಗುತ್ತದೆ.

ಕಾರ್ಡನ್ನು ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿಗೆ ಹಾಕಿ. ಕ್ಲಿಕ್ ಎಂದು ಸದ್ದಾಗಬೇಕು. ಎರಡು 8 ಪಿನ್ ಇರುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ತನ್ನಿ. ಹೊಸ ಬಗೆಯ 16 ಪಿನ್ ಕನೆಕ್ಟರ್ ಆದರೆ ನಡುವೆ ಸಂದು ಕಾಣದಂತೆ ಪೂರ್ತಿ ಒತ್ತಿ. ಅರ್ಧ ಕೂತದ್ದೇ ಕರಗುವುದು.

ಆಮೇಲೆ ಮಾನಿಟರ್ ಕೇಬಲ್. "ಅಣ್ಣಾ, ಕಾರ್ಡ್ ಹಾಕಿದ್ಮೇಲೂ ಆಟ ಮೊದಲಿನಷ್ಟೇ ನಿಧಾನ" ಎಂದು ಕುಮಟಾದಿಂದ ಒಬ್ಬ ಮೂರು ದಿನ ಫೋನ್ ಮಾಡಿದ. ಫೋಟೊ ಕಳಿಸು ಎಂದೆ. ಕೇಬಲ್ ಇನ್ನೂ ಬೋರ್ಡಿನ ಎಚ್‌ಡಿಎಂಐಗೇ ಇತ್ತು. ಅದನ್ನು ಕೆಳಗೆ, ಕಾರ್ಡಿನ ಪೋರ್ಟಿಗೆ ಹಾಕಬೇಕು. ಮಾನಿಟರ್ 144 ಹರ್ಟ್ಸ್ ಆದರೆ ವಿಂಡೋಸಿನಲ್ಲೂ ಅದನ್ನು ಆರಿಸಿ, ಇಲ್ಲದಿದ್ದರೆ 60ರಲ್ಲೇ ಉಳಿದಿರಬಹುದು.

ವಿಂಡೋಸ್ ಹೊಸದಾಗಿ ಹಾಕುವಾಗ ಹಳೆ ಡಿಸ್ಕುಗಳ ಕೇಬಲ್ ಕಿತ್ತಿಡಿ. ಇಲ್ಲವಾದರೆ ಬೂಟ್ ಫೈಲುಗಳು ಹಳೆ ಡಿಸ್ಕಿನ ಮೇಲೆ ಹೋಗಿ ಕೂರುವ ಸಾಧ್ಯತೆ ಇದೆ. ಮುಂದೆ ಅದನ್ನು ತೆಗೆದ ದಿನ ಪಿಸಿ ಏಳುವುದೇ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಹಾಕಿ. ಎರಡನೇ ಡ್ರೈವ್ ಕಾಣದಿದ್ದರೆ ಹೆದರಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ ಆರಿಸಿ ಇನಿಶಿಯಲೈಸ್ ಮಾಡಿ. ಹಳೆ ಕಾರ್ಡ್ ಬೇರೆ ಕಂಪನಿಯದಾಗಿದ್ದರೆ ಅದರ ಡ್ರೈವರನ್ನು ಡಿಡಿಯು ಎಂಬ ತಂತ್ರಾಂಶದಿಂದ ಪೂರ್ತಿ ತೆಗೆದು ಹೊಸದನ್ನು ಹಾಕಿ.

ಹಂತ 10: ಅವಧಿ ಮುಗಿಯುವ ಮೊದಲು ಪರೀಕ್ಷೆ

ಮೊದಲ ದಿನವೇ ಜಿಪಿಯು-ಝಡ್‌ನಲ್ಲಿ ಕಾರ್ಡಿನ ಹೆಸರು, ಮೆಮೊರಿ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಡ್ರೈವ್ ಎಷ್ಟು ಗಂಟೆ ಓಡಿದೆ ನೋಡಿ. ಹೊಸದೆಂದು ಕೊಂಡದ್ದರಲ್ಲಿ ಸಾವಿರಾರು ಗಂಟೆ ಕಂಡರೆ ಅದು ಹಳೆಯದು, ವಾಪಸ್ ಕಳಿಸಿ. ಬೆಲೆ ನಂಬಲಾರದಷ್ಟು ಅಗ್ಗ ಇದ್ದ ಡ್ರೈವ್ ಆದರೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಬರೆದಷ್ಟು ಜಾಗ ನಿಜವಾಗಿ ಇದೆಯೇ ಎಂದು ಅದು ತೋರಿಸುತ್ತದೆ.

ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶ ಹತ್ತು ನಿಮಿಷ. ಎದ್ದು ಹೋಗಬೇಡಿ, ಎದುರಿಗೇ ಕೂತು ನೋಡಿ. ನಂತರ ನಿಮ್ಮ ಆಟ ಒಂದು ಗಂಟೆ. ಮೇ ತಿಂಗಳ ಸೆಕೆಯಲ್ಲಿ ಕಾರ್ಡ್ 75ರಿಂದ 80 ಡಿಗ್ರಿ ಮುಟ್ಟಿದರೆ ಚಿಂತೆ ಬೇಡ. 85 ದಾಟಿ ಅಲ್ಲೇ ನಿಂತರೆ ಗಾಳಿಯ ದಾರಿ ನೋಡಿ.

ಪರದೆ ತುಂಬಾ ಬಣ್ಣದ ಚುಕ್ಕಿ, ಗೆರೆ ಬಂದರೆ ಕಾರ್ಡೇ ಕೆಟ್ಟಿದೆ, ವಿಡಿಯೊ ತೆಗೆದು ವಾಪಸ್ ಕಳಿಸಿ. ಆಟದ ನಡುವೆ ಪಿಸಿ ಪೂರ್ತಿ ಆಫ್ ಆದರೆ ಮೊದಲು ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮೇಲೆ ಅನುಮಾನ ಪಡಿ. ಸುಟ್ಟ ವಾಸನೆ ಬಂದರೆ ಮೌಸ್ ಮುಟ್ಟಬೇಡಿ, ಗೋಡೆಯ ಸ್ವಿಚ್ಚೇ ಆಫ್ ಮಾಡಿ. ಸಣ್ಣಗೆ ಕೀ ಎಂಬ ಸದ್ದು ಮಾತ್ರ ಬಂದರೆ ಅದು ಕಾರ್ಡಿನ ಸುರುಳಿಗಳದ್ದು, ತೊಂದರೆ ಇಲ್ಲ. ಡ್ರೈವಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಳದಿ ಎಚ್ಚರಿಕೆ ಕೊಟ್ಟರೆ ಆಟ ಬಿಟ್ಟು ಅವತ್ತೇ ಫೋಟೊಗಳನ್ನು ಕಾಪಿ ಮಾಡಿ.

ಹಂತ 11: ಉಪ್ಪುಗಾಳಿ, ಮಳೆ, ಸಿಡಿಲು

ಕಡಲ ಕಡೆಯ ಕಿಟಕಿಯಿಂದ ಪಿಸಿ ದೂರ ಇರಲಿ. ನೆಲದ ಮೇಲೆ ಬೇಡ, ಒಂದಡಿ ಎತ್ತರದ ಸ್ಟೂಲ್ ಸಾಕು. ಮಳೆಗಾಲದಲ್ಲಿ ನೆಲವೇ ಬೆವರುತ್ತದೆ ಅಲ್ವಾ. ಗಾಳಿಯ ತೇವಕ್ಕೆ ಉಪ್ಪು ಸೇರಿ ಲೋಹದ ಮೇಲೆ ಕೂತರೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಕಂಡ ಕಾರ್ಡನ್ನು ವಾರಂಟಿಗೆ ತೆಗೆದುಕೊಳ್ಳದೆ ವಾಪಸ್ ಕಳಿಸುವುದು ಸಾಮಾನ್ಯ.

ಪಿಸಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಮುಚ್ಚಿಡಬೇಡಿ. ಪರೀಕ್ಷೆ ಇದೆ ಎಂದು ಆಟ ನಿಲ್ಲಿಸಿದರೂ ದಿನಕ್ಕೆ ಅರ್ಧ ಗಂಟೆ ಚಾಲೂ ಮಾಡಿ. ಒಳಗಿನ ಬಿಸಿಗೆ ತೇವ ಒಣಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಹೊದಿಸಿ, ಚಾಲೂ ಮಾಡುವಾಗ ತೆಗೆಯಿರಿ. ತೆಗೆದಿಟ್ಟ ಹಳೆ ಕಾರ್ಡನ್ನು ಅದರ ಚೀಲದಲ್ಲಿ, ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಹಾರ್ಡ್ ಡಿಸ್ಕಿನ ಮೇಲೆ ಸಣ್ಣ ತೂತೊಂದು ಇರುತ್ತದೆ, ಗಾಳಿಯ ಒತ್ತಡ ಸರಿದೂಗಿಸಲು. ತೇವ ಹೋಗಬಾರದೆಂದು ಅದಕ್ಕೆ ಟೇಪು ಅಂಟಿಸಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಎಸ್‌ಎಸ್‌ಡಿ ಡೇಟಾ ಕಳೆದುಕೊಳ್ಳಬಹುದು, ಮದುವೆಯ ಫೋಟೊಗಳನ್ನು ಅದರಲ್ಲಿ ತುಂಬಿ ಕಪಾಟಿನಲ್ಲಿ ಇಡಬೇಡಿ.

ಏಪ್ರಿಲ್, ಮೇ ಸಂಜೆಯ ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ, ಟಿವಿಗೆ ಎಚ್‌ಡಿಎಂಐ ಜೋಡಿಸಿದ್ದರೆ ಅದನ್ನೂ ಕಿತ್ತಿಡಿ. ಸಿಡಿಲು ಡಿಶ್ಶಿನ ತಂತಿಯಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕಾರ್ಡಿಗೆ ಹರಿದು ಬರಬಲ್ಲದು.